ನಿಮ್ಮ ಭೀಮನಿಗೆ ಕಿವಿ ಕೇಳಲ್ವಾ?

ಪಕ್ಕದ ಮನೆಯ ಐದು ವರ್ಷದ ಹುಡುಗ ಮೊನ್ನೆ ನನಗೆ ಈ ಪ್ರಶ್ನೆ ಕೇಳಿದ. ಎದ್ದು ನಿಂತು, ಸೊಂಟಕ್ಕೆ ಕೈ ಇಟ್ಟು, ನಿಜವಾದ ಸಿಟ್ಟಿನಲ್ಲಿ ಕೇಳಿದ. ಅದು ಇನ್ನೂ ತಲೆಯಿಂದ ಹೋಗಿಲ್ಲ.

ನಾವಿರುವುದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ. ಬೇಸಿಗೆಯಲ್ಲಿ ನಮ್ಮ ಕಟ್ಟಡದವರೆಲ್ಲ ಹಿಂದಿನ ಹುಲ್ಲಿನ ಮೇಲೆ ಸೇರಿ ಊಟ ಮಾಡುತ್ತೇವೆ. ಈ ಸಲ ಮಕ್ಕಳಿಗೆ ಒಂದು ಗೊಂಬೆಯಾಟ ಮಾಡುತ್ತೇನೆ ಅಂತ ನಾನೇ ಹೇಳಿದ್ದೆ. ಬಕಾಸುರನ ಕತೆ. ರಾಕ್ಷಸ, ಗಾಡಿ ತುಂಬಾ ಅನ್ನ, ಊಟಕ್ಕೆ ಕೂತ ಭೀಮ. ಯಾವ ದೇಶದ ಮಗುವಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಕಾಸುರನ ಮುಖಕ್ಕೆ ಹಾಳೆತಟ್ಟೆ ಸಿಕ್ಕಿತು. ಇಲ್ಲಿ ಪಾರ್ಟಿಗಳಿಗೆ ಅಂತ ಅಂಗಡಿಯಲ್ಲಿ ಮಾರುತ್ತಾರೆ, ನಮ್ಮದೇ ಅಡಿಕೆ ಹಾಳೆಯದ್ದು. ನೀರಲ್ಲಿ ನೆನೆಸಿ, ಕಣ್ಣು ಕೊರೆದು, ಕೆಂಪು ಬಳಿದು, ಅಂಚಿಗೆ ಬಿಳಿ ಕಾಗದದ ಕೋರೆಹಲ್ಲು ಅಂಟಿಸಿದೆ. ನೆನೆದ ಹಾಳೆಯ ವಾಸನೆ ಅಡುಗೆಮನೆ ತುಂಬಾ ಹರಡಿತು. ಚಿಕ್ಕವರಿದ್ದಾಗ ಹೊಸನಗರದ ನಮ್ಮ ತೋಟದಲ್ಲಿ ಬಿದ್ದ ಹಾಳೆ ಹೆಕ್ಕಿ ಹೀಗೇ ಮುಖವಾಡ ಮಾಡಿ ಒಬ್ಬರನ್ನೊಬ್ಬರು ಹೆದರಿಸುತ್ತಿದ್ದೆವು. ಮಳೆಗಾಲದ ತೋಟವೇ ಎದುರಿಗೆ ಬಂದ ಹಾಗಾಯಿತು. ತಟ್ಟೆ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಆಟ ಶುರುವಾಯಿತು. ಭೀಮ ಗಾಡಿ ಬಿಚ್ಚಿ ಊಟಕ್ಕೆ ಕೂತ. ಬಕಾಸುರ ಹಿಂದಿನಿಂದ ಬಂದ. ಅಷ್ಟೇ, ಮಕ್ಕಳೆಲ್ಲ ಒಟ್ಟಿಗೆ ಕೂಗಿದರು: "ಹಿಂದೆ ನೋಡು! ಹಿಂದೆ!"

ಈ ಊರಿನ ಮಕ್ಕಳಿಗೆ ಇದು ಕಾಸ್ಪರ್ಲ್‌ನಿಂದ ಬಂದ ಅಭ್ಯಾಸ. ಕಾಸ್ಪರ್ಲ್ ಅಂದರೆ ಚೂಪು ಟೋಪಿ ಹಾಕಿದ, ಕೈಗೆ ತೊಡಿಸಿ ಆಡಿಸುವ ಗೊಂಬೆ. ಬಂದವನೇ "ಎಲ್ಲರೂ ಬಂದಿದ್ದೀರಾ?" ಅಂತ ಕೇಳುತ್ತಾನೆ. ಮಕ್ಕಳು "ಹೌದು" ಅಂತ ಕಿರುಚಬೇಕು. ಆಮೇಲೆ ಹಿಂದಿನಿಂದ ಮೊಸಳೆ ಬರುತ್ತದೆ. ಮಕ್ಕಳು ಕೂಗಿ ಹೇಳುತ್ತಾರೆ, ಅವನು ತಿರುಗಿ ನೋಡುತ್ತಾನೆ. ಮಕ್ಕಳು ಕೂಗದಿದ್ದರೆ ಆಟವೇ ಇಲ್ಲ.

ಭೀಮ ಹಾಗಲ್ಲವಲ್ಲ. ಮಹಾಭಾರತದ ಕತೆಯಲ್ಲಿ ಬಕಾಸುರ ಎರಡೂ ಕೈಯಿಂದ ಬೆನ್ನಿಗೆ ಗುದ್ದಿದರೂ ಭೀಮ ಅತ್ತ ತಿರುಗದೆ ಉಣ್ಣುತ್ತಾನೆ. ನಾನೂ ಹಾಗೇ ಆಡಿಸಿದೆ. ಆಗ ಎದ್ದು ನಿಂತು ಆ ಹುಡುಗ ಕೇಳಿದ್ದು, "ನಿಮ್ಮ ಭೀಮನಿಗೆ ಕಿವಿ ಕೇಳಲ್ವಾ? ನಾವು ಇಷ್ಟೊತ್ತಿಂದ ಹೇಳ್ತಿದ್ದೀವಿ!"

ಭೀಮ ಅಲ್ಲಿಗೆ ಊಟ ನಿಲ್ಲಿಸಿ ಅವನ ಕಡೆ ತಿರುಗಿದ. "ಕೇಳಿಸ್ತು ಮಾರಾಯ, ಒಂದು ತುತ್ತು ಬಾಕಿ ಇದೆ" ಅಂದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆದರೆ ನನಗೆ ಆ ಗದ್ದಲದ ನಡುವೆ ಬೇರೆಯೇ ಮಕ್ಕಳು ನೆನಪಾದರು.

ಹಿಂದಿನ ಸಲ ರಜೆಗೆ ಬಂದಾಗ ನಮ್ಮ ಕಡೆಯ ಒಂದು ಶಾಲೆಯಲ್ಲಿ ಇದೇ ಕತೆಯನ್ನು ಗೊಂಬೆ ಇಟ್ಟುಕೊಂಡು ಆಡಿದ್ದೆ. ಮಕ್ಕಳು ಸಾಲಾಗಿ, ಕೈಕಟ್ಟಿ ಕೂತಿದ್ದರು. ಬಕಾಸುರ ಹಿಂದಿನಿಂದ ಬಂದಾಗ ಎರಡನೇ ಸಾಲಿನ ಹುಡುಗಿಯೊಬ್ಬಳು ಅರ್ಧ ಎದ್ದು "ಏ ಭೀಮಾ..." ಅಂದಳು. ಅಷ್ಟರಲ್ಲಿ ಪಕ್ಕದಿಂದ "ಶ್! ಸುಮ್ನೆ ಕೂತ್ಕೋ" ಅಂತ ಬಂತು. ಅವಳು ಬಾಯಿಗೆ ಕೈ ಇಟ್ಟುಕೊಂಡು ಕೂತಳು. ಆಮೇಲೆ ಯಾರೂ ಉಸಿರೆತ್ತಲಿಲ್ಲ. ಆಟ ಮುಗಿದ ಮೇಲೆ ಶಾಲೆಯವರು ಮಕ್ಕಳನ್ನು ನಿಲ್ಲಿಸಿ "ಈ ಕತೆಯ ನೀತಿ ಏನು?" ಅಂತ ಕೇಳಿದರು. ಒಬ್ಬ ಹುಡುಗ ಪಾಠ ಒಪ್ಪಿಸಿದ ಹಾಗೆ ಉತ್ತರ ಹೇಳಿದ, ಚಪ್ಪಾಳೆ ಬಿತ್ತು. ಅವರು ನನ್ನನ್ನು ಪ್ರೀತಿಯಿಂದಲೇ ಕರೆಸಿದ್ದರು, ಶಿಸ್ತಿನ ಮಕ್ಕಳು ಅಂತ ಹೆಮ್ಮೆಯಿಂದ ತೋರಿಸಿದ್ದರು. ಆದರೂ ಬಾಯಿಗೆ ಕೈ ಇಟ್ಟುಕೊಂಡ ಆ ಹುಡುಗಿಯ ಮುಖ ಮರೆಯೋಕೆ ಆಗಿಲ್ಲ. ಅಷ್ಟು ಮಕ್ಕಳಲ್ಲಿ ಕತೆಯೊಳಗೆ ಕಾಲಿಟ್ಟವಳು ಅವಳೇ ಅಲ್ವಾ?

ನಮ್ಮ ಮಲೆನಾಡು ಮೊದಲಿನಿಂದ ಹೀಗಿರಲಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿಯಿಡೀ ಚಪ್ಪರದಲ್ಲಿ ಜನ. ಸಾಲಾಗಿ ಮೆಟ್ಟುಗತ್ತಿ, ನಡುವೆ ಹಸಿ ಅಡಿಕೆಯ ರಾಶಿ, ಆಚೆ ಒಲೆಯ ಮೇಲೆ ಹಂಡೆಯಲ್ಲಿ ಬೇಯುವ ಅಡಿಕೆ. ನಮ್ಮನೆಗೆ ಸುಲಿಯಲು ಬರುತ್ತಿದ್ದ ಒಬ್ಬರು ಅಜ್ಜಿ ಕತೆ ಹೇಳುತ್ತಿದ್ದರು. ಮಕ್ಕಳು ಹೂಂಗುಟ್ಟುತ್ತಲೇ ಇರಬೇಕು. "ಹೂಂ ಅನ್ನಿ ಮಕ್ಳೇ, ಇಲ್ದಿದ್ರೆ ಕತೆ ಮುಂದೆ ಹೋಗಾದಿಲ್ಲ" ಅನ್ನುತ್ತಿದ್ದರು. ನಡುವೆ ಕೈ ನಿಲ್ಲಿಸದೆ ಕೇಳುವರು: "ಈಗ ಹುಲಿ ಎಲ್ಲಿ ಅಡಗೈತೆ ಹೇಳಿ?" ನನ್ನ ತಮ್ಮ "ನಮ್ಮ ಕೊಟ್ಟಿಗೆ ಹಿಂದೆ!" ಅಂದ. ಕತೆಯ ಕಾಡಿನಲ್ಲಿದ್ದ ಹುಲಿ ಆ ಕ್ಷಣಕ್ಕೆ ನಮ್ಮ ಕೊಟ್ಟಿಗೆ ಹಿಂದೆ ಬಂತು. ಅವತ್ತು ಮಲಗುವಾಗ ನಾವ್ಯಾರೂ ಆ ಕಡೆಯ ಕಿಟಕಿ ಹತ್ತಿರ ಹೋಗಲಿಲ್ಲ.

ಗೊಂಬೆಯಾಟದಲ್ಲೂ ಅಷ್ಟೇ. ತೊಗಲುಗೊಂಬೆಯವರ ಪರದೆಯ ಮೇಲೆ ರಾಮ-ರಾವಣರಿಗಿಂತ ಮೊದಲು ಜನರನ್ನು ನಗಿಸುವುದು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ನಮ್ಮಲ್ಲಿಂದ ಘಟ್ಟ ಇಳಿದರೆ ಕುಂದಾಪುರದ ಹತ್ತಿರ ಉಪ್ಪಿನಕುದ್ರು. ಅಲ್ಲಿನ ಕಾಮತರ ಮನೆತನ ಮರದ ಗೊಂಬೆಗಳಿಗೆ ಬಡಗುತಿಟ್ಟು ಯಕ್ಷಗಾನದ ವೇಷ ತೊಡಿಸಿ, ಭಾಗವತಿಕೆ, ಚಂಡೆ, ಮದ್ದಳೆಯ ಜೊತೆ ದಾರದಲ್ಲಿ ಕುಣಿಸುತ್ತಾ ಬಂದಿದೆ.

ಆಗ್ಸ್‌ಬರ್ಗ್‌ನ ಗೊಂಬೆಯಾಟದ ಕತೆಯೂ ಒಂದು ಮನೆತನದ್ದೇ. ವಾಲ್ಟರ್ ಎಮಿಷೆನ್ ಎಂಬ ರಂಗಕರ್ಮಿ ಕಟ್ಟಿದ ಪುಟ್ಟ ಗೊಂಬೆರಂಗ 1944ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಯುದ್ಧ ಮುಗಿದು, ಊರು ಇನ್ನೂ ಚೇತರಿಸಿಕೊಳ್ಳದಿದ್ದ 1948ರಲ್ಲಿ ಅವರ ಮನೆಮಂದಿಯೇ ಸೇರಿ ಮತ್ತೆ ಶುರು ಮಾಡಿದರು. ಮಗಳು ಹನ್ನೆಲೋರೆ ಗೊಂಬೆ ಕೆತ್ತಿದರು. ಇವತ್ತಿಗೂ ಆ ಗೊಂಬೆಮನೆಯಲ್ಲಿ ಆಟ ನಡೆಯುತ್ತದೆ. ಅಜ್ಜಿಯರು ತಾವು ಮಗುವಾಗಿದ್ದಾಗ ನೋಡಿದ್ದನ್ನು ಮೊಮ್ಮಕ್ಕಳಿಗೆ ತೋರಿಸುತ್ತಾರೆ.

ಕೊಪ್ಪಳ ಕಡೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾನು ಆ ಸುದ್ದಿಯನ್ನು ಇಲ್ಲಿನ ಗೆಳತಿಯರಿಗೆಲ್ಲ ತೋರಿಸಿದ್ದೆ. ಅಷ್ಟು ಖುಷಿಯಾಗಿತ್ತು. ಆದರೆ ನಮ್ಮೂರಿನ ಎಷ್ಟು ಮಕ್ಕಳು ಪರದೆಯ ಮುಂದೆ ಕೂತು ತೊಗಲುಗೊಂಬೆ ನೋಡಿದ್ದಾರೆ? ಕಲಾವಿದರಿಗೆ ಶಾಲು, ಹಾರ ಬೇಕು, ಸರಿ. ಎದುರಿಗೆ ಕೂಗುವ ಮಕ್ಕಳೂ ಬೇಕು.

ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ. ಬಕಾಸುರನೂ ಬರುತ್ತಾನೆ, ಭೀಮನೂ. ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಯಾವುದಾದರೂ ಶಾಲೆ, ಅಂಗನವಾಡಿ, ಅಡಿಕೆ ಚಪ್ಪರ, ಎಲ್ಲಿ ಮಕ್ಕಳಿದ್ದರೂ ಹೇಳಿ, ಬಂದು ಆಡುತ್ತೇನೆ. ದುಡ್ಡು ಬೇಡ, ಮೈಕ್ ಬೇಡ. ಮಕ್ಕಳಿಗೆ ಸುಮ್ಮನಿರಿ ಅಂತ ಮಾತ್ರ ಯಾರೂ ಹೇಳಬಾರದು.