ಟ್ಯಾಗ್ ಇದೆ ಅಂತ ಹೊಡೆಯಲೇಬೇಕಾ?

ಡ್ಯಾಶ್‌ಬೋರ್ಡ್ ಕೆಂಪಗಿದ್ದರೆ ನಮ್ಮ ಡೈರೆಕ್ಟರ್‌ಗೆ ಊಟ ಸೇರುವುದಿಲ್ಲ. ನೈನ್-ಡೇ, ಅಂದರೆ ನವೆಂಬರ್‌ನ ಒಂಬತ್ತು ದಿನದ ಜಿಂಕೆ ಬೇಟೆ ಸೀಸನ್ನಿನ, ಕೊನೆಯ ಭಾನುವಾರ ಅದು ಪೂರ್ತಿ ಕೆಂಪಗಿತ್ತು. ನಾನು ಹೊಡೆದ ಜಿಂಕೆಗಳನ್ನು ಪರೀಕ್ಷಿಸುವ ಚೆಕ್ ಶೆಡ್‌ನಲ್ಲಿ ಗ್ಲೌಸ್ ಹಾಕಿಕೊಂಡು ಒಂದು ಹೆಣ್ಣು ಜಿಂಕೆಯ ದವಡೆ ಬಿಡಿಸುತ್ತಿದ್ದೆ. ಫೋನ್ ಟಿಂಗ್ ಅಂದಿತು. "ಹೆಣ್ಣು ಜಿಂಕೆ ಟಾರ್ಗೆಟ್ ಅರ್ಧ ಕೂಡ ಆಗಿಲ್ಲ. ಡಿಸೆಂಬರ್ ಹಂಟ್‌ಗೆ ಇಡೀ ಪ್ರಾಪರ್ಟಿ ಓಪನ್ ಮಾಡೋಣ. ಏಳು ಗಂಟೆಯೊಳಗೆ ಓಕೆ ಕಳಿಸಿ." ಪ್ರಶ್ನೆ ಕೇಳಿದ ಹಾಗೆ ಇರಲಿಲ್ಲ ಅದು.

ನನ್ನ ಕೆಲಸ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನ ನೈಋತ್ಯ ಮೂಲೆಯ ಡ್ರಿಫ್ಟ್‌ಲೆಸ್ ಗುಡ್ಡಗಳಲ್ಲಿ, ಕಾಡು-ಜಮೀನು ಕಾಪಾಡುವ ಒಂದು ಚಿಕ್ಕ ಲ್ಯಾಂಡ್ ಟ್ರಸ್ಟ್‌ನಲ್ಲಿ. ಓಕ್ ಕಾಡು, ಕೆಳಗೆ ಒಂದು ಹಳ್ಳ, ಮೇಲೆ ದಿಣ್ಣೆ, ದಿಣ್ಣೆಗೆ ಅಂಟಿಕೊಂಡು ಪಕ್ಕದವರ ಮೆಕ್ಕೆಜೋಳದ ಹೊಲ. ಲೀಸ್ ಬೇಟೆಗಾರರು, ಅಂದರೆ ನಮ್ಮ ಜಾಗದಲ್ಲಿ ಬೇಟೆಯಾಡಲು ಲೀಸ್ ಪಡೆದವರು, ಎಷ್ಟು ಹೆಣ್ಣು ಜಿಂಕೆ ಹೊಡೆಯಬೇಕು, ಎಲ್ಲಿ ಹೊಡೆಯಬೇಕು ಅಂತ ಪ್ರತಿ ವರ್ಷ ಹೇಳುವುದು ನನ್ನ ಪಾಲಿನ ಕೆಲಸ. ಊರಿಗೆ ಫೋನ್ ಮಾಡಿದರೆ ಅಮ್ಮನದು ಒಂದೇ ಮಾತು: "ಬಸುರಿ ಜಿಂಕೇನ ಕೊಲ್ಲಿಸೋದೂ ಒಂದು ನೌಕರಿ ಏನೇ?" ಡಿಸೆಂಬರ್‌ನಲ್ಲಿ ಹೊಡೆಯುವ ಹೆಣ್ಣುಗಳಲ್ಲಿ ಹೆಚ್ಚಿನವು ಗಬ್ಬ ಆಗಿರುತ್ತವೆ, ಅದು ನಿಜ. 1972ರ ವನ್ಯಜೀವಿ ಕಾಯ್ದೆ ಬಂದಾಗಿನಿಂದ ಬೇಟೆ ಅಂದರೆ ಜೈಲು ಅಂತ ಕೇಳಿಕೊಂಡೇ ಬಂದವರಿಗೆ ಇದನ್ನು ಫೋನಿನಲ್ಲಿ ವಿವರಿಸುವುದು ಕಷ್ಟ. ನಾನು ಮಾತು ಬದಲಿಸಿಬಿಡುತ್ತೇನೆ.

ಇಲ್ಲಾದರೂ ಹೇಳುತ್ತೇನೆ. ಗಂಡು ಜಿಂಕೆ ಹೊಡೆದರೆ ಸಂಖ್ಯೆ ಇಳಿಯುವುದಿಲ್ಲ. ನವೆಂಬರ್ ಬೆದೆಯಲ್ಲಿ ಒಂದು ಗಂಡು ಹಲವು ಹೆಣ್ಣುಗಳ ಹಿಂದೆ ಹೋಗುತ್ತದೆ. ಗಂಡುಗಳಲ್ಲಿ ಅರ್ಧ ಸತ್ತರೂ ಉಳಿದವೇ ಸಾಕು, ಎಲ್ಲ ಹೆಣ್ಣುಗಳೂ ಗಬ್ಬ ಆಗುತ್ತವೆ. ಸುಮಾರು 200 ದಿನಕ್ಕೆ ಮರಿ. ಮೇವು ಚೆನ್ನಾಗಿದ್ದರೆ ಅವಳಿ ಮಾಮೂಲು. ಮಿಚಿಗನ್‌ನ ಜಾರ್ಜ್ ರಿಸರ್ವ್ ಅನ್ನುವ ಬೇಲಿ ಹಾಕಿದ ಜಾಗದಲ್ಲಿ 1928ರಲ್ಲಿ ನಾಲ್ಕು ಹೆಣ್ಣು, ಎರಡು ಗಂಡು ಬಿಟ್ಟರು. ಆರು ವರ್ಷದಲ್ಲಿ ಅವು 150 ದಾಟಿದವು. ಹೀಗೆ ಬೆಳೆದ ಹಿಂಡು ಓಕ್ ಸಸಿಗಳನ್ನು ಮೇಲೇಳಲು ಬಿಡುವುದಿಲ್ಲ. ನಮ್ಮ ಕಡೆ ಇನ್ನೊಂದು ತಲೆನೋವೂ ಇದೆ. 2002ರಲ್ಲಿ ಈ ರಾಜ್ಯದಲ್ಲಿ ಸಿಡಬ್ಲ್ಯುಡಿ, ಅಂದರೆ ಜಿಂಕೆಯ ಮೆದುಳು ಹಾಳುಮಾಡಿ ಕೊಲ್ಲುವ ಅಂಟುರೋಗ, ಮೊದಲು ಸಿಕ್ಕಿದ್ದು ಮೌಂಟ್ ಹೋರೆಬ್ ಹತ್ತಿರ, ನಮ್ಮ ಸೀಮೆಯಲ್ಲೇ. ಹಿಂಡು ದಟ್ಟವಾಗದಂತೆ ನೋಡಿಕೊಳ್ಳಿ ಅನ್ನುವ ಒತ್ತಡ ಅವತ್ತಿನಿಂದ ಇದ್ದೇ ಇದೆ. ಹಾಗಾಗಿ "ಹೆಣ್ಣು ಹೊಡೆಯಿರಿ" ಅನ್ನುವುದು ನಮ್ಮ ಆಫೀಸಿನಲ್ಲಿ ಯಾರೂ ಎರಡನೇ ಸಲ ಯೋಚಿಸದ ಮಾತು.

ಯೋಚಿಸುವವರು ಬೇಟೆಗಾರರು, ಅದೂ ಹಳಬರು. ವನ್ಯಜೀವಿ ತಜ್ಞ ಆಲ್ಡೊ ಲಿಯೊಪೋಲ್ಡ್ 1943ರಲ್ಲಿ ವಿಸ್ಕಾನ್ಸಿನ್‌ನ ಕನ್ಸರ್ವೇಷನ್ ಕಮಿಷನ್ ಸೇರಿ, ಹೆಣ್ಣು ಜಿಂಕೆ ಬೇಟೆಗೆ ಬೆಂಬಲ ಕೊಟ್ಟಾಗ ಎದ್ದ ಗಲಾಟೆಯನ್ನು ಜನ ಇವತ್ತಿಗೂ '43ರ ಅಪರಾಧ' ಅಂತಲೇ ಕರೆಯುತ್ತಾರೆ. ಆಮೇಲೆ 1996ರಲ್ಲಿ ಅರ್ನ್-ಎ-ಬಕ್ ಬಂತು. ಮೊದಲು ಒಂದು ಹೆಣ್ಣು ಹೊಡಿ, ಆಮೇಲೆ ಕೊಂಬಿನದಕ್ಕೆ ಕೈ ಹಾಕು ಅನ್ನುವ ನಿಯಮ. ಹಿಂಡು ಇಳಿಸಲು ಅದರಷ್ಟು ಕೆಲಸ ಮಾಡಿದ್ದು ಬೇರೊಂದಿಲ್ಲ. ಅದರಷ್ಟು ಬೈಗುಳ ತಿಂದಿದ್ದೂ ಬೇರೊಂದಿಲ್ಲ. 2011ರಲ್ಲಿ ಶಾಸನಸಭೆಯೇ ಅದನ್ನು ತೆಗೆದುಹಾಕಿತು. ನಮ್ಮ ಲೀಸ್‌ನಲ್ಲಿ ಒಬ್ಬ ಅಜ್ಜ ಇದ್ದಾರೆ. ಅವರ ಮುಂದೆ ಅರ್ನ್-ಎ-ಬಕ್ ಅಂದರೆ ಕಾಫಿ ಆರಿಹೋಗುವವರೆಗೂ ಮಾತು ನಿಲ್ಲುವುದಿಲ್ಲ. ಇಂಥವರ ಮಾತನ್ನು ಅರ್ಧ ಕಿವಿಯಲ್ಲಿ ಕೇಳುವ ಅಭ್ಯಾಸ ನಮಗೆಲ್ಲ ಆಗಿಹೋಗಿತ್ತು. ನನಗೂ.

ಆ ವರ್ಷದ ಟಾರ್ಗೆಟ್ ಹಾಕಿದ್ದು ಮೇ ತಿಂಗಳಲ್ಲಿ. ಬ್ರೌಸ್ ಸರ್ವೆ, ಅಂದರೆ ಜಿಂಕೆಗಳು ಸಸಿಗಳನ್ನು ಎಷ್ಟು ಮೇದಿವೆ ಅನ್ನುವ ಲೆಕ್ಕ, ನಾನೇ ಮಾಡಿದ್ದು. ಓಕ್ ಸಸಿಗಳ ತುದಿ ಎಲ್ಲ ಕಡೆ ಕಚ್ಚಿಹೋಗಿದ್ದವು. ಜಿಂಕೆ ನುಗ್ಗದಂತೆ ಬೇಲಿ ಹಾಕಿದ ಎಕ್ಸ್‌ಕ್ಲೋಷರ್ ಒಳಗೆ ಟ್ರಿಲಿಯಂ ಹೂ ಬಿಟ್ಟಿತ್ತು, ಹೊರಗೆ ಎಲೆ ಹುಡುಕಬೇಕಿತ್ತು. ಕೌಂಟಿಯ ಸಂಖ್ಯೆಯೂ ಅದನ್ನೇ ಹೇಳುತ್ತಿತ್ತು. ಇಲ್ಲಿ ಕೌಂಟಿ ಕೌನ್ಸಿಲ್‌ಗಳು ವಸಂತದಲ್ಲಿ ಕೂತು, ಹಿಂದಿನ ಸೀಸನ್ನಿನ ಲೆಕ್ಕ ನೋಡಿ, ಆ ಶರತ್ಕಾಲಕ್ಕೆ ಎಷ್ಟು ಆ್ಯಂಟ್ಲರ್‌ಲೆಸ್ ಟ್ಯಾಗ್ (ಕೊಂಬಿಲ್ಲದ ಜಿಂಕೆ ಹೊಡೆಯಲು ಪರವಾನಗಿ ಚೀಟಿ) ಅಂತ ಶಿಫಾರಸು ಮಾಡುತ್ತವೆ. ನಮ್ಮ ಕೌಂಟಿಯಲ್ಲಿ ಟ್ಯಾಗ್‌ಗೆ ಬರ ಇಲ್ಲ. ಟಾರ್ಗೆಟ್ ದೊಡ್ಡದಾಗಿಯೇ ಬರೆದೆ. ಮೇ ತಿಂಗಳ ಮಟ್ಟಿಗೆ ಆ ಸಂಖ್ಯೆ ಸರಿಯಾಗಿಯೇ ಇತ್ತು. ಈಗಲೂ ಅದನ್ನೇ ಹೇಳುತ್ತೇನೆ.

ಆಗಸ್ಟ್ ಬೆಂಕಿ ಬಿಸಿಲು. ಹಳ್ಳ ಬತ್ತಿ ಅಂಚಿನಲ್ಲಿ ಬರೀ ಕೆಸರು. ತಿಂಗಳ ಕೊನೆಗೆ ಅಜ್ಜ ಫೋನ್ ಮಾಡಿದರು. ಹಳ್ಳದಲ್ಲಿ ಎರಡು ಜಿಂಕೆ ಸತ್ತು ಬಿದ್ದಿವೆ, ಮೈಮೇಲೆ ಗಾಯ ಇಲ್ಲ, ಮೂತಿ ನೀರಿನಲ್ಲೇ ಇದೆ ಅಂದರು. ಕೇಳಿದ ಕೂಡಲೇ ಇಎಚ್‌ಡಿ ಅಂತ ಹೊಳೆಯಿತು. ಕೆಸರಿನಲ್ಲಿ ಹುಟ್ಟುವ, ಸೊಳ್ಳೆಗಿಂತ ಚಿಕ್ಕ ನುಸಿ ಕಚ್ಚಿ ಹರಡುವ ವೈರಸ್ ಅದು. ಜ್ವರ ಏರಿದ ಜಿಂಕೆ ನೀರು ಹುಡುಕಿಕೊಂಡು ಹೋಗಿ ಅಲ್ಲೇ ಬೀಳುತ್ತದೆ. 2012ರ ಬರದಲ್ಲಿ ಮಿಡ್‌ವೆಸ್ಟ್‌ನ ಎಷ್ಟೋ ಕಡೆ ಇದೇ ಆಗಿತ್ತು. ನಾನು ಹೋಗುವಷ್ಟರಲ್ಲಿ ಹೆಣಗಳು ಕೊಳೆತಿದ್ದವು. ಲ್ಯಾಬ್‌ಗೆ ತಾಜಾ ಸ್ಯಾಂಪಲ್ ಬೇಕು. ಅದಿಲ್ಲ ಅಂದರೆ ಕನ್‌ಫರ್ಮ್ ಇಲ್ಲ. ಕನ್‌ಫರ್ಮ್ ಇಲ್ಲದ ರೋಗಕ್ಕೆ ನಮ್ಮ ಶೀಟ್‌ನಲ್ಲಿ ಕಾಲಮ್ ಇಲ್ಲ. "ಎರಡು ಸತ್ತಿವೆ, ಗಮನದಲ್ಲಿರಲಿ" ಅಂತ ಒಂದು ಮೇಲ್ ಹಾಕಿ ಸುಮ್ಮನಾದೆ. ಸಿಕ್ಕಿದ್ದು ಎರಡು ಅಂದರೆ ಸತ್ತಿದ್ದೂ ಎರಡೇ ಅನ್ನುವ ಹಾಗೆ! ಪೊದೆಯಲ್ಲಿ ಬಿದ್ದಿದ್ದನ್ನು, ಕಾಯೋಟಿಗಳು ಎಳೆದುಕೊಂಡು ಹೋಗಿದ್ದನ್ನು ಎಣಿಸುವವರು ಯಾರು?

ನೈನ್-ಡೇ ಶುರುವಾದ ಶನಿವಾರವೇ ಹಳ್ಳದ ಕಡೆಯ ಬೇಟೆಗಾರರು "ಜಿಂಕೆಯೇ ಇಲ್ಲ" ಅನ್ನತೊಡಗಿದರು. ಇದು ಅವರ ವಾರ್ಷಿಕ ಭಜನೆ. ಮುಂಜಾನೆ ಚಳಿಯಲ್ಲಿ ಮರದ ಮೇಲೆ ಕೂತು ಬರಿಗೈಲಿ ಇಳಿದವರೆಲ್ಲ ಹಾಗೇ ಅನ್ನುತ್ತಾರೆ. ನನ್ನ ಹತ್ತಿರ ರೆಡಿ ಉತ್ತರ ಇತ್ತು: ಮಳೆಯಿಂದ ಜೋಳದ ಕಟಾವು ತಡವಾಗಿದೆ, ಜಿಂಕೆ ಎಲ್ಲ ಹೊಲದೊಳಗೆ ಅಡಗಿವೆ. ಈ ಕಾರಣ ಸುಳ್ಳಲ್ಲ. ನಿಂತ ಜೋಳದಲ್ಲಿ ಜಿಂಕೆ ನಿಜವಾಗಿಯೂ ಕಾಣುವುದಿಲ್ಲ. ಆದರೆ ಬುಧವಾರ ಕಂಬೈನ್ ಬಂದು ಜೋಳ ಕೊಯ್ದುಹೋಯಿತು. ದಿಣ್ಣೆಯ ಮೇಲೆ ಜಿಂಕೆ ಕಂಡವು. ಹಳ್ಳದಲ್ಲಿ ಕಾಣಲಿಲ್ಲ. ಗುರುವಾರವೂ ಯಾರೋ ಕೇಳಿದಾಗ ನನ್ನ ಬಾಯಿಂದ ಬಂದಿದ್ದು "ಜೋಳ" ಅಂತಲೇ. ಜೋಳ ನಿಂತಿಲ್ಲ ಅನ್ನುವುದು ನನಗೇ ಗೊತ್ತಿತ್ತು.

ಇನ್ನು ನಮ್ಮ ಆ್ಯಪ್. ಬೇಟೆಗಾರರು ಏನು ಕಂಡರು ಅಂತ ಅದರಲ್ಲಿ ಹಾಕಬೇಕು. ಸೊನ್ನೆ ಹಾಕಿದರೆ ಸಬ್‌ಮಿಟ್ ಬಟನ್ ಬೂದು ಬಣ್ಣಕ್ಕೆ ತಿರುಗುತ್ತದೆ. ಕನಿಷ್ಠ ಒಂದು ಜಿಂಕೆ ಕಂಡಿರಲೇಬೇಕು! ನಾಲ್ಕು ಗಂಟೆ ಕೂತು ಏನೂ ಕಾಣದವನು ಫೋನ್ ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಅವನು ಕೂತಿದ್ದೇ ದಾಖಲೆಯಲ್ಲಿ ಇಲ್ಲ. ಕಾಡಿನಲ್ಲಿ ತಾನೇ ಫೋಟೋ ತೆಗೆಯುವ ಟ್ರೇಲ್ ಕ್ಯಾಮ್‌ನದೂ ಅದೇ ಕತೆ. ಖಾಲಿ ಫ್ರೇಮ್‌ಗಳನ್ನು ಸಾಫ್ಟ್‌ವೇರ್ ತಾನೇ ಅಳಿಸುತ್ತದೆ, ಜಾಗ ಉಳಿಸಲು. ಜೊತೆಗೆ ಅರ್ಧಕ್ಕಿಂತ ಹೆಚ್ಚು ಕ್ಯಾಮೆರಾ ಜೋಳದ ಅಂಚಿನಲ್ಲೇ ಇದ್ದವು. ಬ್ಯಾಟರಿ ಬದಲಿಸಲು ಗಾಡಿ ಅಲ್ಲಿಯವರೆಗೆ ಹೋಗುತ್ತದೆ, ಅದಕ್ಕೇ ಅಲ್ಲಿ. ಡ್ಯಾಶ್‌ಬೋರ್ಡ್ ತೆರೆದರೆ ಜಿಂಕೆಯೋ ಜಿಂಕೆ. ಇಷ್ಟು ಜಿಂಕೆ ಇದ್ದೂ ಟಾರ್ಗೆಟ್ ಆಗಿಲ್ಲ ಅಂದರೆ ಬೇಟೆಗಾರರು ಸೋಮಾರಿಗಳು ಅಂತ ಬೋರ್ಡ್‌ನವರು ತೀರ್ಮಾನಿಸಿದ್ದರು.

ಆ ಭಾನುವಾರಕ್ಕೆ ವಾಪಸ್ ಬರುತ್ತೇನೆ. ಕತ್ತಲಾಯಿತು, ಬೇಟೆಯ ಹೊತ್ತು ಮುಗಿಯಿತು. ಹಲ್ಲು ನೋಡಿ ವಯಸ್ಸು ಅಂದಾಜು ಮಾಡಲು ದವಡೆಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದೆ. ಹಳ್ಳದ ಸಾಲಿನಲ್ಲಿ ಹಲ್ಲು ಸವೆದ ದೊಡ್ಡ ಹೆಣ್ಣುಗಳೇ. ಒಂದೂವರೆ ವರ್ಷದವು ಹೆಚ್ಚು ಕಡಿಮೆ ಇಲ್ಲ. ಅದರಿಂದ ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ, ಆಯ್ಕೆ ಇದ್ದರೆ ಬೇಟೆಗಾರರು ದೊಡ್ಡದನ್ನೇ ಹೊಡೆಯುತ್ತಾರೆ. ಕೆಚ್ಚಲು ಬತ್ತಿದ್ದವು, ಮರಿ ಸತ್ತಿವೆಯೇನೋ ಅನ್ನಿಸುವ ಹಾಗೆ. ಆದರೆ ನವೆಂಬರ್ ಕೊನೆಗೆ ಹೇಗೂ ಹಾಲು ಬತ್ತಿರಬಹುದು. ಅನುಮಾನ ಇತ್ತು, ಅದಕ್ಕೆ ಆಧಾರ ಇರಲಿಲ್ಲ. ಆರು ಗಂಟೆ ಹೊತ್ತಿಗೆ "ಓಕೆ" ಅಂತ ಟೈಪ್ ಮಾಡಿದ್ದೆ. ಕಳಿಸಿರಲಿಲ್ಲ ಅಷ್ಟೇ.

ಅಷ್ಟರಲ್ಲಿ ಅಜ್ಜ ತಮ್ಮ ಪಿಕಪ್‌ನಲ್ಲಿ ಒಂದು ಹೆಣ್ಣು ತಂದರು, ಸಿಡಬ್ಲ್ಯುಡಿ ಸ್ಯಾಂಪಲ್‌ಗೆ. ನಾನು ನೇರ ಕುತ್ತಿಗೆಗೆ ಕೈ ಹಾಕಿದೆ, ಲಿಂಫ್ ನೋಡ್ ತೆಗೆಯಲು. ಅವರು ಹಿಂಗಾಲು ಎತ್ತಿ ಹಿಡಿದರು. "ಇದನ್ನ ನೋಡಿದ್ಯಾ?"

ಗೊರಸು ಸುತ್ತಲೂ ಬಿರುಕು ಬಿಟ್ಟಿತ್ತು. ಒಂದು ಕಡೆ ಸಿಪ್ಪೆ ಎದ್ದು ಬಂದಿತ್ತು.

ಇಎಚ್‌ಡಿ ಜ್ವರ ತಡೆದುಕೊಂಡು ಬದುಕಿದ ಜಿಂಕೆಯಲ್ಲಿ ಗೊರಸು ಬೆಳೆಯುವುದು ಸ್ವಲ್ಪ ದಿನ ನಿಂತುಹೋಗುತ್ತದೆ. ತಿಂಗಳುಗಳ ನಂತರ ಅಲ್ಲೇ ಬಿರಿಯುತ್ತದೆ. ಇದು ನನಗೆ ಗೊತ್ತಿದ್ದ ವಿಷಯ, ಓದಿದ್ದೆ. ಆದರೆ ವಾರವಿಡೀ ನಾನು ನೋಡಿದ್ದು ಹಲ್ಲು, ಕೆಚ್ಚಲು, ಕುತ್ತಿಗೆ. ಫಾರಂನಲ್ಲಿ ಇರುವುದು ಅಷ್ಟೇ. ಕಾಲುಗಳನ್ನು ಮಂಡಿಗೆ ಕತ್ತರಿಸಿ ಶೆಡ್ ಹಿಂದಿನ ಡ್ರಮ್ಮಿಗೆ ಹಾಕುತ್ತಾ ಬಂದಿದ್ದೆ. ಹೆಡ್‌ಲ್ಯಾಂಪ್ ಕಟ್ಟಿಕೊಂಡು ಹೋಗಿ ಡ್ರಮ್ ಬಗ್ಗಿಸಿದೆ. ಬಿರಿದ ಗೊರಸು ಒಂದರ ಮೇಲೊಂದು ಸಿಕ್ಕವು. ಯಾವ ಕಾಲು ಯಾವ ಜಿಂಕೆಯದು, ಹಳ್ಳದ್ದೋ ದಿಣ್ಣೆಯದ್ದೋ, ದೇವರೇ ಬಲ್ಲ. ಒಂದಕ್ಕೂ ಚೀಟಿ ಕಟ್ಟಿರಲಿಲ್ಲ. ಗಂಟೆ ಆರೂವರೆ. ಕೈ ಮರಗಟ್ಟಿತ್ತು, ಫೋನ್ ಮತ್ತೆ ಟಿಂಗ್ ಅಂದಿತು.

ಮೀಟ್ ಪೋಲ್‌ನಲ್ಲಿ ಇನ್ನೂ ಕೆಲವು ಜಿಂಕೆ ತೂಗುತ್ತಿದ್ದವು, ಟ್ಯಾಗ್ ಸಮೇತ. ಅವಕ್ಕೆ ಕಾಲಿತ್ತು. ದಿಣ್ಣೆಯವುಗಳ ಗೊರಸು ನುಣ್ಣಗಿತ್ತು. ಹಳ್ಳದ ಎರಡರದೂ ಬಿರಿದಿತ್ತು. ಅಜ್ಜ ಅಂಗಿ ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದುಕೊಟ್ಟರು. ದಿನಾಂಕ, ಎಷ್ಟು ಗಂಟೆ ಕೂತರು, ಎಷ್ಟು ಹೆಣ್ಣು, ಎಷ್ಟು ಮರಿ. ವರ್ಷಗಳ ಲೆಕ್ಕ, ಪೆನ್ಸಿಲ್‌ನಲ್ಲಿ. ಈ ಸೀಸನ್ನಿನ ಪುಟದಲ್ಲಿ ಸೊನ್ನೆಯ ಕೆಳಗೆ ಸೊನ್ನೆ. ಹಿಂದಿನ ವರ್ಷ ಅದೇ ಮರ, ಅದೇ ವಾರ, ಅಷ್ಟೇ ಗಂಟೆ, ಆದರೆ ಸೊನ್ನೆ ಅಪರೂಪ. ನಮ್ಮ ಸಬ್‌ಸ್ಕ್ರಿಪ್ಷನ್ ಆ್ಯಪ್‌ನಲ್ಲಿ ಇಲ್ಲದ್ದೆಲ್ಲ ಅದರಲ್ಲಿತ್ತು.

ಸಸಿಗಳು ಕಚ್ಚಿಹೋಗಿದ್ದು ಸುಳ್ಳೇನಲ್ಲ. ಆದರೆ ಅವನ್ನು ಕಚ್ಚಿದ್ದು ಆಗಸ್ಟ್‌ಗೆ ಮುಂಚೆ ಇದ್ದ ಜಿಂಕೆಗಳು. ಹಿಂಡು ಒಂದು ತಿಂಗಳಲ್ಲಿ ಕುಸಿಯಬಹುದು, ಕಾಡು ಅದನ್ನು ತೋರಿಸಲು ವರ್ಷಗಳು ಬೇಕು. ವಸಂತದ ಲೆಕ್ಕ ಹಿಡಿದು ನವೆಂಬರ್‌ನಲ್ಲಿ ಗುಂಡು ಹೊಡೆಸುವುದು ಹಳೇ ಪಾಸ್‌ಬುಕ್ ನೋಡಿ ಚೆಕ್ ಬರೆದ ಹಾಗೆ. ಕೌಂಟಿಯ ಸಂಖ್ಯೆ ಕೌಂಟಿಗೆ ಸರಿ. ಇಎಚ್‌ಡಿ ಒಂದು ಕಣಿವೆಯನ್ನು ಖಾಲಿ ಮಾಡಿ ಪಕ್ಕದ ದಿಣ್ಣೆಯನ್ನು ಮುಟ್ಟದೇ ಹೋಗಬಹುದು, ಕೌಂಟಿಯ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ. ಟ್ಯಾಗ್ ಕೊಟ್ಟಿರುವುದು ಹೊಡೆಯಬಹುದು ಅಂತ, ಹೊಡೆಯಲೇಬೇಕು ಅಂತ ಅಲ್ಲ.

ಏಳಕ್ಕೆ ಸ್ವಲ್ಪ ಮುಂಚೆ ಮೇಲ್ ಕಳಿಸಿದೆ. ಹಳ್ಳ ಬಂದ್, ಒಂದೂ ಹೆಣ್ಣು ಬೇಡ. ದಿಣ್ಣೆ ಓಪನ್, ಎಷ್ಟಾದರೂ ಹೊಡೆಯಲಿ. ಡೈರೆಕ್ಟರ್ ತಕ್ಷಣ ಫೋನ್ ಮಾಡಿದರು.

"ಒಂದು ಪ್ರಾಪರ್ಟಿಗೆ ಎರಡು ಉತ್ತರ ಹೇಗೆ ಕೊಡ್ತೀರಿ?"

"ಜಿಂಕೆಗಳಿಗೆ ಅದು ಒಂದು ಪ್ರಾಪರ್ಟಿ ಅಂತ ಗೊತ್ತಿಲ್ಲ" ಅಂದೆ.

ಅವರು ನಗಲಿಲ್ಲ. ಬೋರ್ಡ್‌ಗೆ ಏನು ಹೇಳಲಿ, ಲ್ಯಾಬ್ ರಿಪೋರ್ಟ್ ಇಲ್ಲ, ಸಿಡಬ್ಲ್ಯುಡಿ ಇರುವ ಕಡೆ ಹೆಣ್ಣು ಬಿಟ್ಟರೆ ಜನ ಏನನ್ನುತ್ತಾರೆ ಅಂತ ಸಾಲಾಗಿ ಕೇಳಿದರು. ಕೊನೆಯದು ಮಾತ್ರ ನ್ಯಾಯವಾದ ಪ್ರಶ್ನೆ, ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಹಳ್ಳದಲ್ಲಿ ಈಗ ಇಳಿಸಲು ಹಿಂಡೇ ಉಳಿದಿಲ್ಲ ಅಂದೆ. ಗೊರಸಿನ ಫೋಟೋ ಕಳಿಸಿದೆ. ಊಟದ ಹೊತ್ತಿಗೆ ಕಳಿಸಬೇಡಿ ಅಂದರು. ಆದರೆ ಒಪ್ಪಿದರು.

ಡಿಸೆಂಬರ್ ಹಂಟ್‌ನಲ್ಲಿ ದಿಣ್ಣೆಯ ಮೇಲೆ ಒಳ್ಳೆಯ ಕೆಲಸ ಆಯಿತು. ಹಳ್ಳವನ್ನು ಶೀಟ್‌ನಲ್ಲಿ 'ಪ್ರಾಪರ್ಟಿ 2' ಅಂತ ಬೇರೆ ಮಾಡಬೇಕಾಯಿತು, ಸಾಫ್ಟ್‌ವೇರ್ ಬೇರೆ ಏನನ್ನೂ ಒಪ್ಪಲಿಲ್ಲ. ದಿಣ್ಣೆ ಹಸಿರಾಯಿತು. ಹಳ್ಳದ ಮುಂದೆ 'ಡೇಟಾ ಇಲ್ಲ' ಅಂತ ಬಂತು. ಆ್ಯಪ್‌ನಲ್ಲಿ ಸೊನ್ನೆ ಹಾಕಲು ಬಿಡಿ ಅಂತ ಟಿಕೆಟ್ ಹಾಕಿದೆ. ಕಾಮೆಂಟ್ ಬಾಕ್ಸ್ ಕೊಟ್ಟರು. ಗೊರಸಿಗೆ ಒಂದು ಕಾಲಮ್ ನಾನೇ ಪೆನ್ನಿನಲ್ಲಿ ಗೆರೆ ಎಳೆದು ಸೇರಿಸಿದ್ದೇನೆ, ಕಾಲಿಗೆ ಚೀಟಿಯನ್ನೂ ಕಟ್ಟಿಸುತ್ತಿದ್ದೇನೆ. ಎರಡು ಕ್ಯಾಮೆರಾ ಹಳ್ಳಕ್ಕೆ ಇಳಿಸಿದೆ. ಬ್ಯಾಟರಿ ಹೊತ್ತುಕೊಂಡು ನಡೆಯಬೇಕು, ಏನು ಮಾಡುವುದು.

ಈಗ ಜಗಳ ನಡೆಯುತ್ತಿರುವುದು ತಾರೀಖಿನ ಮೇಲೆ. ಟಾರ್ಗೆಟ್ ಮೇ ತಿಂಗಳಲ್ಲೇ ಬೇಕು ಅನ್ನುತ್ತದೆ ಬೋರ್ಡ್, ಲೀಸ್ ರಿನ್ಯೂ ಆಗುವುದು ಜೂನ್‌ನಲ್ಲಿ. ಗಟ್ಟಿ ಹಿಮ ಬಿದ್ದು ನುಸಿ ಸಾಯುವವರೆಗೆ ಸಂಖ್ಯೆ ಕೇಳಬೇಡಿ ಅನ್ನುತ್ತೇನೆ ನಾನು. ಸದ್ಯಕ್ಕೆ ಒಂದು ರಾಜಿ ಆಗಿದೆ. ಮೇನಲ್ಲಿ ಒಂದು ಸಂಖ್ಯೆ ಕೊಡುತ್ತೇನೆ, ಅಕ್ಟೋಬರ್‌ನಲ್ಲಿ ಅದನ್ನು ಇಳಿಸಬಹುದು, ಏರಿಸುವಂತಿಲ್ಲ. ಅದೂ ಒಂದು ವರ್ಷದ ಟ್ರಯಲ್. ಅಜ್ಜನಿಗೆ ಇದನ್ನು ಹೇಳಿದೆ. ಎಲ್ಲ ಸರಿ, ಹಳ್ಳ ಬಂದ್ ಆದರೆ ದಿಣ್ಣೆ ಹತ್ತೋದು ಯಾರು ಅಂತ ಕೇಳಿದರು. ಅವರ ಮಂಡಿ ಹೋಗಿದೆ. ನಮ್ಮ ಲೀಸ್ ಪಟ್ಟಿಯಲ್ಲಿ ಅರವತ್ತು ದಾಟದವರನ್ನು ಬೆರಳಲ್ಲಿ ಎಣಿಸಬಹುದು. ಈ ಸಲದ ಮೀಟಿಂಗ್‌ಗೆ ಅದನ್ನೇ ಮೊದಲ ಐಟಂ ಮಾಡಿ ಕಳಿಸಿದ್ದೇನೆ.