ಅರ್ಜಿಯ ಮೇಲಿನ ಹೆಸರನ್ನು ಯಾಕೆ ಮುಚ್ಚಿಸುತ್ತೇನೆ?

ನಮ್ಮ ಆಫೀಸಿಗೆ ಹೊಸಬರನ್ನು ಆರಿಸುವಾಗ ಹೆಸರು, ಅಪ್ಪನ ಹೆಸರು, ಊರು ಮುಚ್ಚಿದ ಅರ್ಜಿಗಳನ್ನೇ ಓದುತ್ತೇನೆ. ಗೊತ್ತಾದವರೆಲ್ಲ ಕೇಳುತ್ತಾರೆ: "ನೀವು ಜಾತಿ ಗೀತಿ ನೋಡುವವರಲ್ಲ ಅಲ್ವಾ? ಮತ್ತೆ ಯಾಕೆ ಮುಚ್ಚಬೇಕು?"

ನೋಡುವುದಿಲ್ಲ ಎಂದೇ ನಾನೂ ನಂಬಿದ್ದೆ. ಒಂದು ಸಲ ಸುಮಾರು ನಲವತ್ತು ಅರ್ಜಿ ಬಂದಿದ್ದವು. ಎಂಟು ಜನರನ್ನು ಆರಿಸಿದೆ. ಸಂಜೆ ಪಟ್ಟಿ ನೋಡಿದರೆ ಐದು ಜನ ನಮ್ಮ ಕಡೆಯವರೇ! ಯಾರ ಶಿಫಾರಸೂ ಇರಲಿಲ್ಲ. ಪರಿಚಯದ ಅಡ್ಡಹೆಸರು ಕಂಡಾಗ ನಿಧಾನವಾಗಿ ಓದಿದ್ದೆ, ಉಳಿದವನ್ನು ಬೇಗ ಬೇಗ ಮಗುಚಿದ್ದೆ. ಬದಿಗಿಟ್ಟ ಅರ್ಜಿಗಳನ್ನು ಮತ್ತೆ ಓದಿದಾಗ ಕರೆಯಲೇಬೇಕಾದ ಇಬ್ಬರು ಸಿಕ್ಕರು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಹೀಗೆ ಎಷ್ಟು ಜನರನ್ನು ಕಳೆದುಕೊಂಡೆನೋ ಎಂಬ ಸಂಕಟ ಇವತ್ತಿಗೂ ಇದೆ.

ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಅಟ್ಟೆವೆಲ್ ಇದನ್ನೇ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿದ್ದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಹೋಲಿಸಿ ನೋಡಿದ ಅರ್ಜಿಗಳಲ್ಲಿ ಓದು, ಅನುಭವ ಒಂದೇ ಥರ, ಹೆಸರು ಮಾತ್ರ ಬೇರೆ. 2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಬರೀ ಒಂದು ಪಾಲು. ಇನ್ನೂ ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ!

ಎಸ್‌ಎಸ್‌ಎಲ್‌ಸಿ ಉತ್ತರ ಪತ್ರಿಕೆಯಲ್ಲಿ ಮಕ್ಕಳು ಹೆಸರು ಬರೆಯುವಂತಿಲ್ಲ. ಅದರಿಂದ ತಮಗೆ ಅವಮಾನವಾಯಿತೆಂದು ಯಾವ ಮೇಷ್ಟ್ರೂ ಹೇಳುವುದಿಲ್ಲ. ಕೆಲಸ ಕೊಡುವ ನಮಗೆ ಮಾತ್ರ ಯಾಕೆ ಬೇಸರ?

ಹೆಸರು ಮುಚ್ಚಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ, ನಿಜ. ಸಂದರ್ಶನದಲ್ಲಿ ಪಟಪಟ ಇಂಗ್ಲಿಷ್ ಮಾತಾಡುವವರು ಬುದ್ಧಿವಂತರಂತೆ ಕಾಣುತ್ತಾರೆ. ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವರು ಉತ್ತರ ಗೊತ್ತಿದ್ದೂ ತಡವರಿಸುತ್ತಾರೆ. ನಮ್ಮ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಇಟ್ಟಿರುವುದು ಸುಮ್ನೆ ಅಲ್ಲ. ಅಲ್ಲಿ ಹಿನ್ನೆಲೆ ಗೊತ್ತಿದ್ದರೇ ನ್ಯಾಯ ಸಿಗುವುದು. ಹಾಗಾಗಿ ಅರ್ಜಿ ಓದುವಾಗ ಹೆಸರು ಮುಚ್ಚುತ್ತೇನೆ, ಎದುರು ಕೂತಾಗ ಎಲ್ಲಿ ಹೇಗೆ ಓದಿದರು ಎಂದು ಕೇಳುತ್ತೇನೆ. ಎಲ್ಲರಿಗೂ ಅವೇ ಪ್ರಶ್ನೆಗಳು. ಕನ್ನಡದಲ್ಲಿ ಉತ್ತರ ಹೇಳಬಹುದು ಎಂದು ಮೊದಲೇ ತಿಳಿಸುತ್ತೇನೆ. "ನೀವು ಯಾರ ಪೈಕಿ?" ಎಂಬ ಮಾತನ್ನು ಪೂರ್ತಿ ಬಿಟ್ಟಿದ್ದೇನೆ.