ಕೋವಿಯ ಮೂತಿಗೊಂದು ಬಟ್ಟಲು

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ತೋಕ್ ಪೂ (ಕೋವಿಹೂ) ಮುಡಿಸಿದ ಕೋವಿಯಿಂದ ತೆಂಗಿನಕಾಯಿ ಒಡೆಯುವವರಿಗೆ ಈಡು ಎಂದರೆ ನೇರ ಗೆರೆ. ಕೋವಿಯಿಂದಲೇ ಹಾರಿಸುವ ಗ್ರೆನೇಡು ಕವಣೆಕಲ್ಲಿನ ಜಾತಿ. ಮೇಲೆದ್ದು, ಬಾಗಿ, ಬಂಡೆಯ ಆಚೆ ಮಗ್ಗುಲಿಗೆ ಬೀಳಬೇಕು. ಮನೆಗೊಬ್ಬರು ಮಾಜಿ ಸೈನಿಕರಿರುವ ನಮ್ಮ ಕೊಡಗಿನಲ್ಲೂ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿ ಮಾತಾಡುವವರಿದ್ದಾರೆ.

ಹಳೆಯ ಪದ್ಧತಿ ಮೊದಲು. .303 ರೈಫಲ್‌ನ ಮೂತಿಗೆ ಎರಡೂವರೆ ಇಂಚು ಅಗಲದ ಉಕ್ಕಿನ ಬಟ್ಟಲು. ಅದರೊಳಗೆ ಸುಮಾರು 770 ಗ್ರಾಂ ತೂಗುವ 36ನೇ ನಂಬರಿನ ಗ್ರೆನೇಡು, ಅದರ ತಳಕ್ಕೆ ಅನಿಲ ಸೋರದಂತೆ ತಿರುಪಿನ ಒಂದು ಬಿಲ್ಲೆ. ಪಿನ್ನು ಕಿತ್ತರೂ ಬಟ್ಟಲಿನ ಗೋಡೆ ಲಿವರನ್ನು ಒತ್ತಿ ಹಿಡಿದಿರುತ್ತದೆ; ಹೊರಗೆ ಹಾರಿದ ಮೇಲೆಯೇ ಲಿವರ್ ಬಿಚ್ಚಿ ಬತ್ತಿ ಹೊತ್ತಿಕೊಳ್ಳುತ್ತದೆ. ಕೈಯಿಂದ ಎಸೆಯುವಾಗ 4 ಸೆಕೆಂಡಿನ ಬತ್ತಿ, ಕೋವಿಯಿಂದಾದರೆ 7 ಸೆಕೆಂಡಿನದು. ಕೋನ 45 ಡಿಗ್ರಿಯೇ. ದೂರವನ್ನು ಹೆಚ್ಚು ಕಡಿಮೆ ಮಾಡುವುದು ಬಟ್ಟಲಿನ ಬುಡದ ಅನಿಲಕಿಂಡಿ. ಪೂರ್ತಿ ಮುಚ್ಚಿದರೆ ಸುಮಾರು 180 ಮೀಟರ್.

ಅಪಾಯವಿದ್ದದ್ದು ತೋಟಾದಲ್ಲಿ. ಗ್ರೆನೇಡನ್ನು ತಳ್ಳುವುದು ಮದ್ದಿನ ಅನಿಲ, ಇದಕ್ಕೆ ಬೇಕಾದದ್ದು ಗುಂಡಿಲ್ಲದ ತೋಟಾ. ಅವಸರದಲ್ಲಿ ಗುಂಡಿರುವುದನ್ನು ತುಂಬಿದರೆ ಹೊಡೆಯುವವನ ಕಥೆ ಅಲ್ಲಿಗೇ ಮುಗಿಯಿತು. ಹಿಂದೊದೆತಕ್ಕೆ ಮರದ ಭಾಗ ಸೀಳುತ್ತಿದ್ದುದರಿಂದ ಬಂಗಾಳದ ಇಷಾಪುರ ಕಾರ್ಖಾನೆಯ ರೈಫಲ್‌ಗಳ ಮುಂಭಾಗಕ್ಕೆ ತಂತಿ ಸುತ್ತುತ್ತಿದ್ದರು. ಬುಡವನ್ನು ನೆಲಕ್ಕೂರಿಯೇ ಹೊಡೆಯಬೇಕಿತ್ತು, ಭುಜ ಕೊಡುವಂತಿರಲಿಲ್ಲ.

ಈಗಿನದು ನಳಿಗೆಯ ಕೆಳಗೆ ಕೂರುವ ಲಾಂಚರ್. ಅಮೆರಿಕದ ಎಂ203 1969ರಲ್ಲಿ ಬಂತು. ಪುಣೆಯ ಆಯುಧ ಸಂಶೋಧನಾ ಸಂಸ್ಥೆ ಎ.ಆರ್.ಡಿ.ಇ. ರೂಪಿಸಿದ, ತಿರುಚಿರಾಪಳ್ಳಿಯಲ್ಲಿ ತಯಾರಾಗುವ ನಮ್ಮ 40 ಮಿ.ಮೀ. ಯುಬಿಜಿಎಲ್ (ಅಂಡರ್ ಬ್ಯಾರಲ್ ಗ್ರೆನೇಡ್ ಲಾಂಚರ್) ಇನ್ಸಾಸ್ ರೈಫಲ್‌ಗೂ ಎಕೆ ರೈಫಲ್‌ಗೂ ಹೊಂದುತ್ತದೆ. ಬಟ್ಟಲಿನ ದೊಡ್ಡ ತೊಂದರೆ ಇಲ್ಲಿಲ್ಲ: ಗ್ರೆನೇಡಿಗೆ ಅದರದೇ ತೋಟಾ ಇರುವುದರಿಂದ ರೈಫಲ್‌ನಲ್ಲಿ ಗುಂಡು ತುಂಬಿದ್ದಂತೆಯೇ ಇರಬಹುದು.

ಜಾಣತನ ಕಾಣುವುದು ಆ ತೋಟಾದೊಳಗೆ. ಮದ್ದು ಉರಿಯುವುದು ಒಂದು ಪುಟ್ಟ ಗಟ್ಟಿ ಕೋಣೆಯಲ್ಲಿ, ಚದರ ಇಂಚಿಗೆ ಸುಮಾರು 35,000 ಪೌಂಡ್ ಒತ್ತಡದಲ್ಲಿ. ಅನಿಲ ಸಣ್ಣ ತೂತುಗಳಿಂದ ದೊಡ್ಡ ಕೋಣೆಗೆ ನುಗ್ಗುವಾಗ ಅದು 3,000ಕ್ಕೆ ಇಳಿಯುತ್ತದೆ. ಅದಕ್ಕೇ ಅಲ್ಯೂಮಿನಿಯಂ ನಳಿಗೆಯೂ ತಡೆಯುತ್ತದೆ, ಭುಜವೂ ತಡೆಯುತ್ತದೆ. ಹೊರಡುವ ವೇಗ ಸೆಕೆಂಡಿಗೆ 76 ಮೀಟರ್ ಮಾತ್ರ; ಎಕೆ ಗುಂಡಿನದು 700ಕ್ಕೂ ಮೇಲೆ. ಇಷ್ಟು ನಿಧಾನವಾದ್ದರಿಂದ ದೂರದ ಅಂದಾಜು ತಪ್ಪಿದರೆ ಈಡೂ ತಪ್ಪಿತು. ಹೊಸಬರ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯವೇ. ಕಿಟಕಿಯಂಥ ಗುರಿಗೆ 150 ಮೀಟರ್, ಹರಡಿದ ಗುರಿಗೆ 350, ಅದರಾಚೆ ಅದೃಷ್ಟ.

ರಷ್ಯಾದ ಲಾಂಚರ್ ಜಿಪಿ-25ರದು ಬೇರೆ ದಾರಿ. ಮೂತಿಯಿಂದಲೇ ತುಂಬುವುದು, ಮದ್ದು ಗ್ರೆನೇಡಿನ ಬುಡದಲ್ಲೇ ಇರುವುದರಿಂದ ಖಾಲಿ ತೋಟಾ ತೆಗೆಯುವ ಕೆಲಸವಿಲ್ಲ.

ನಮ್ಮ ಕಾಫಿ ತೋಟದಂಥ ಜಾಗದಲ್ಲಿ, ತಲೆಯ ಮೇಲೆ ಸಿಲ್ವರ್ ಓಕ್ ಕೊಂಬೆಗಳಿರುವಲ್ಲಿ, ಈ ಆಯುಧಕ್ಕೆ ಕೈಕಟ್ಟು. ಎಂ203ರ ಸಾಮಾನ್ಯ ಗ್ರೆನೇಡು 14ರಿಂದ 28 ಮೀಟರ್ ಸಾಗುವವರೆಗೆ ಸಿಡಿಯಲು ಸಜ್ಜಾಗುವುದಿಲ್ಲ. ಅದಕ್ಕೆ ಮುಂಚೆ ಕೊಂಬೆಗೆ ತಗುಲಿದರೆ ಕಲ್ಲಿನಂತೆ ಕೆಳಗೆ ಬೀಳುತ್ತದೆ. ಸಜ್ಜಾದ ಮೇಲೆ ತಗುಲಿದರೆ ಗುರಿಗೆ ಬಹಳ ಮುಂಚೆಯೇ ಸಿಡಿಯುತ್ತದೆ. ಕೆಸರುಗದ್ದೆಯಲ್ಲಿ ಇನ್ನೊಂದು ಪೇಚು: ಮೆತ್ತಗಿನ ನೆಲಕ್ಕೆ ಬಿದ್ದದ್ದು ಕೆಲವೊಮ್ಮೆ ಸಿಡಿಯದೇ ಹೂತುಕೊಳ್ಳುತ್ತದೆ. ಹಾಗೆ ಉಳಿದದ್ದನ್ನು ಸೈನ್ಯದಲ್ಲಿ ಯಾರೂ ಎತ್ತುವುದಿಲ್ಲ. ಗುರುತು ನೆಟ್ಟು, ಜನರನ್ನು ದೂರವಿಟ್ಟು, ಬಿದ್ದಲ್ಲೇ ಸ್ಫೋಟಿಸುತ್ತಾರೆ.